ಮುಳುಗಡಿ ಕಾಕಾನ ಎದೆಮಟ್ಟ

ಕಾಕಾನ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿದವನು ನಾನೇ. ಹುಟ್ಟುಹಬ್ಬದವರು, ಹೊಸ ಅಂಗಡಿಯವರು, ಗೆದ್ದವರು, ಸತ್ತವರು, ಕೊಪ್ಪಳದಲ್ಲಿ ಯಾರೇ ಕಂಬಕ್ಕೆ ಏರಬೇಕಾದರೂ ನಮ್ಮಂಥ ಅಂಗಡಿಯ ಯಂತ್ರದ ಬಾಯಿಂದಲೇ ಹೊರಬೀಳಬೇಕು. ಅವರ ಮಗ ಫೋಟೋ ತಂದುಕೊಟ್ಟು, "ಹೆಸರಿನ ಕೆಳಗ ಅಜಾತಶತ್ರು ಅಂತ ಹಾಕಪಾ" ಎಂದ. ನನಗೆ ನಗು ತಡೆಯಲಿಲ್ಲ. ಊರಿನ ಪ್ರತಿಯೊಂದು ಲೇಔಟಿನಲ್ಲೂ ಒಬ್ಬೊಬ್ಬ ಶತ್ರುವನ್ನು ಸಾಕಿಕೊಂಡಿದ್ದ ಮನುಷ್ಯ ಅವರು.

"ಅಣ್ಣಾ, ಹಂಗ ಹಾಕಿದ್ರ ಓದಿದವರು ಬ್ಯಾರೆ ಯಾರೋ ಸತ್ತಾರ ಅನ್ಕೋತಾರ" ಎಂದೆ.

ಮಗನೂ ನಕ್ಕ. ಕೊನೆಗೆ 'ಸರಳಜೀವಿ' ಎಂದು ಹಾಕಿದೆವು. ಯಾರ ಬಗ್ಗೆಯಾದರೂ ಏನೂ ತೋಚದಿದ್ದಾಗ ನಾವು ಹಾಕುವುದು ಅದನ್ನೇ.

ಫೋಟೋದಲ್ಲಿ ತಲೆ, ಭುಜ ಇಷ್ಟೇ ಇದ್ದವು. ಕಾಕಾ ಯಾರೆಂದು ತಿಳಿಯಬೇಕಾದರೆ ಅವರು ನಿಂತ ಚಿತ್ರ ಬೇಕು, ಪಕ್ಕದಲ್ಲಿ ಒಂದು ಗೋಡೆಯೂ ಬೇಕು. ಏಕೆಂದರೆ ಅವರು ತುಂಬಾ ಗಿಡ್ಡ. ಬಸ್ಸಿನಲ್ಲಿ ನಿಂತರೆ ಮೇಲಿನ ಕಂಬಿ ಅವರಿಗೆ ದೇವಸ್ಥಾನದ ಗಂಟೆಯಿದ್ದಂತೆ, ಎಗರಿದರೆ ಮಾತ್ರ ಸಿಗುವಂಥದ್ದು. ಇಂಥವರು ಜೀವನವಿಡೀ ಮಾಡಿದ ಕೆಲಸವೆಂದರೆ ಎತ್ತರ ಅಳೆಯುವುದು. ನೀರಾವರಿ ಇಲಾಖೆಯಲ್ಲಿ ನೀರಿನ ಮಟ್ಟ ಓದುವ ನೌಕರಿ. ಹಳ್ಳದ ಸೇತುವೆಯ ಕಂಬದ ಮೇಲೆ ಬಣ್ಣ ಹೊಡೆದ ಅಳತೆಪಟ್ಟಿ ಇರುತ್ತದಲ್ಲ, ಅದನ್ನು ದಿನಾ ನೋಡಿ ವಹಿಯಲ್ಲಿ ಬರೆಯಬೇಕು. ಬೇಸಿಗೆಯಲ್ಲಿ ಹಳ್ಳದಲ್ಲಿ ಕತ್ತೆ ಹೊರಳಾಡುವಷ್ಟು ಧೂಳಿದ್ದರೂ ಸೈಕಲ್ ತುಳಿದುಕೊಂಡು ಹೋಗಿ, ಕಂಬ ನೋಡಿ, ಸೊನ್ನೆ ಬರೆದು ಬರುತ್ತಿದ್ದರು.

"ಸೊನ್ನಿ ಎಲ್ಲಿಗೆ ಹೋಕ್ಕೈತ್ರಿ ಕಾಕಾ? ಮನ್ಯಾಗ ಕುಂತು ಬರೀರಿ" ಎಂದರೆ ಉರಿದುಬೀಳುವರು.

"ಸೊನ್ನಿನೂ ನೋಡೇ ಬರೀಬೇಕಲೇ. ನೋಡದ ಬರದ ಸೊನ್ನಿ ಸುಳ್ಳ ಸೊನ್ನಿ."

ಅಳತೆಪಟ್ಟಿಯ ಬಣ್ಣ ಎಂದೋ ಅಳಿಸಿತ್ತು. ಹೊಸ ಬಣ್ಣಕ್ಕೆ ಬರೆದ ಅರ್ಜಿ ಯಾವ ಕಡತದಲ್ಲಿ ಮುಳುಗಿತೋ ತಿಳಿಯದು. ಹಾಗಾಗಿ ಅವರು ತಮ್ಮ ಮೈಯನ್ನೇ ಅಳತೆಪಟ್ಟಿ ಮಾಡಿಕೊಂಡರು. ನೀರು ಬಂದರೆ ಪಾದಮಟ, ಮೊಣಕಾಲಮಟ, ಟೊಂಕಮಟ, ಎದಿಮಟ. ನಿವೃತ್ತಿಯಾದ ಮೇಲೂ ಈ ಲೆಕ್ಕ ಬಿಡಲಿಲ್ಲ. ಯಾವ ಓಣಿಗೆ ಹೋದರೂ ಗೋಡೆಯ ಪಕ್ಕ ನೆಟ್ಟಗೆ ನಿಂತು, ಅಂಗೈಯನ್ನು ಎದೆಗೆ ಅಡ್ಡ ಇಟ್ಟು, "ಇಲ್ಲಿ ಹಿಂದ ಇಷ್ಟು ಬಂದಿತ್ತು" ಎನ್ನುವರು. ಕೇಳಿದವರು ಅದರಲ್ಲಿ ಒಂದು ಗೇಣು ಕಳೆದುಕೊಳ್ಳುತ್ತಿದ್ದರು. "ಅವರ ಎದಿ ಅಂದ್ರ ನಮ್ಮ ಹೊಕ್ಕಳ" ಎನ್ನುವುದು ಊರಿನ ಗಣಿತ. ಹೊಕ್ಕಳವರೆಗೆ ನೀರು ಮನೆಯೊಳಗೆ ಬಂದರೆ ಪರವಾಗಿಲ್ಲ ಎಂದು ಈ ಗಣಿತ ಹೇಗೆ ತೀರ್ಮಾನಿಸಿತೋ, ಆಗ ನಾನೂ ಕೇಳಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಸಿಗದು. ಎಲ್ಲರಿಗೂ ಅವರು ಮುಳುಗಡಿ ಕಾಕಾ.

ಕಾಕಾ ಎಂದೂ ಯಾರ ಮುಖ ನೋಡಿ ಮಾತಾಡಿದವರಲ್ಲ. ಗೋಡೆಯ ಬುಡ ನೋಡುತ್ತಿದ್ದರು. ತಮ್ಮ ಅಣ್ಣನ ಮಗನಿಗೆ ಹೆಣ್ಣು ನೋಡಲು ಇರಕಲ್ಲಗಡಕ್ಕೆ ಹೋಗಿದ್ದರಂತೆ. ಹುಡುಗಿ ಚಹಾ ತಂದು ಮುಂದೆ ನಿಂತರೂ ಇವರು ಬಗ್ಗಿ ಮಂಚದ ಕೆಳಗೆ ಗೋಡೆ ನೋಡುತ್ತಿದ್ದರು. ಹುಡುಗಿಯ ಅಪ್ಪ, "ಏನರ ಬಿತ್ತೇನ್ರಿ?" ಎಂದು ಕೇಳಿದ. ಇವರು, "ಬಿದ್ದಿಲ್ರಿ, ಏರೈತಿ. ಯಾವ ವರ್ಷ ಬಂದಿತ್ತು ನೀರು?" ಎಂದರು. ಆ ಸಂಬಂಧ ಅಲ್ಲಿಗೇ ಒಣಗಿತು. ಅಣ್ಣನ ಮಗ ಮುಂದೆ ಮೂರು ವರ್ಷ ಕಾಕಾನ ಜೊತೆ ಮಾತು ಬಿಟ್ಟಿದ್ದ.

ಈ ಮನುಷ್ಯನನ್ನು ಅಣಕಿಸದೆ ಬಿಟ್ಟರೆ ನಾನು ಬಾಯಿ ಇಟ್ಟುಕೊಂಡು ಏನು ಮಾಡಲಿ? ನಾನು ಅಣಕಿಸದವರು ಊರಲ್ಲಿಲ್ಲ. ಗೊಬ್ಬರದ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಹಮಾಲರನ್ನು ಕರೆಯುವ ಅಪ್ಪನ ದನಿ ನನಗೆ ಬರುತ್ತದೆ. ಅವ್ವನದು ಎರಡು ಬರುತ್ತವೆ, ತವರಿನ ಫೋನಿಗೆ ಒಂದು, ಅಪ್ಪನ ಅಕ್ಕನ ಫೋನಿಗೆ ಇನ್ನೊಂದು. ನನ್ನದೇ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ತಡಕಾಡಬೇಕು. ಕಾಕಾನನ್ನು ಮಾಡಲು ಮೊಣಕಾಲು ಮಡಚಿ ಕುಗ್ಗಬೇಕು, ಅಂಗೈ ಎದೆಗೆ ಇಡಬೇಕು, ಗೋಡೆಯ ಬುಡಕ್ಕೆ ಕಣ್ಣು ನೆಡಬೇಕು, ಮೂಗಿನಿಂದ ಅರ್ಧ ದನಿ ಬಿಡಬೇಕು. "ಹಳ್ಳ ಒಣಗಿಲ್ರಿ. ಊರಿಗೆ ಹೋಗೈತಿ. ಬರ್ತೈತಿ." ಇಷ್ಟಕ್ಕೇ ಜನ ಬಿದ್ದು ಬಿದ್ದು ನಗುತ್ತಿದ್ದರು.

ಅವರೇ ಹೀಗೆ ಹೇಳಿ ಸುಮ್ಮನಾಗಿದ್ದರೆ ಊರು ಅದನ್ನು ಅಜ್ಜ ಹೇಳಿದ ಮಾತು ಎಂದು ಸಹಿಸಿಕೊಳ್ಳುತ್ತಿತ್ತು. ಆದರೆ ನಿವೃತ್ತಿಯಾದ ಮೇಲೆ ಅವರು ವಿಮಾ ಏಜೆಂಟರಾದರು. ಎಲ್ಲರೂ ಜೀವದ ವಿಮೆ ಮಾರಿದರೆ ಇವರು ಮನೆಯ ವಿಮೆ ಮಾರುತ್ತಿದ್ದರು. ಬೆಂಕಿ ಬಿದ್ದರೆ, ನೆರೆ ಬಂದರೆ ಕಟ್ಟಡಕ್ಕೆ ಇಷ್ಟು, ಒಳಗಿನ ಸಾಮಾನಿಗೆ ಇಷ್ಟು ಎಂದು. ಒಂದು ಕೈಯಲ್ಲಿ ಹೆದರಿಕೆ, ಇನ್ನೊಂದು ಕೈಯಲ್ಲಿ ಫಾರಂ. ಊರು ನಕ್ಕಿತು.

"ಛತ್ರಿ ಮಾರಾವ ಬಿಸಿಲಾಗೂ ಮ್ಯಾಲೆ ನೋಡಿ ಗುಡುಗು ಅಂತಾನ" ಎಂದು ಅಪ್ಪನೇ ಹೇಳುತ್ತಿದ್ದ.

ಸಾಲದ್ದಕ್ಕೆ ಕಾಕಾನ ಸ್ವಂತ ಮನೆ ಸೋರುತ್ತಿತ್ತು. ದಿಬ್ಬದ ಮೇಲಿನ ಹಳೆಯ ಮಾಳಿಗೆ ಮನೆ. ಮಳೆ ಬಂದರೆ ಬಕೆಟು, ಪರಾತ, ಕೊನೆಗೆ ಚಹಾದ ಬಟ್ಟಲು ಕೂಡ ನೆಲದ ಮೇಲೆ ಸಾಲಾಗಿ ಕೂರುತ್ತಿದ್ದವು. "ನಿಮ್ಮ ವಿಮಾ ಇದಕ್ಕ ಕೊಡೂದಿಲ್ಲೇನ್ರಿ?" ಎಂದು ಕೇಳಿದೆ. "ಮ್ಯಾಲಿಂದ ಸೋರಿದ್ದು ನಮ್ಮ ಆಲಸ್ಯ, ಕೆಳಗಿಂದ ಏರಿದ್ದು ನೆರಿ. ಆಲಸ್ಯಕ್ಕ ಯಾವ ಕಂಪನಿನೂ ಕೊಡೂದಿಲ್ಲ" ಎಂದು ತಣ್ಣಗೆ ಹೇಳಿ, ತುಂಬಿದ ಬಟ್ಟಲನ್ನು ಎತ್ತಿ ಬಾಗಿಲ ಹೊರಗೆ ಚೆಲ್ಲಿದರು.

ಈಗ ನನ್ನ ಪಾಪಕ್ಕೆ ಬರುತ್ತೇನೆ.

ಊರ ಹೊರಗೆ ಹಳ್ಳದ ದಂಡೆಗೆ ಒಬ್ಬ ಧಣಿ ಲೇಔಟ್ ಹಾಕಿದ. ಅದರ ದೊಡ್ಡ ಫ್ಲೆಕ್ಸ್ ಮಾಡಿದ್ದು ನಾನು. ಎಲ್ಲಿಯದೋ ಸರೋವರ, ಎರಡು ಹಂಸ, ಕೆಳಗೆ ಕೆಂಪಕ್ಷರದಲ್ಲಿ 'ಈಶಾನ್ಯಕ್ಕೆ ಗಂಗೆ, ಮನೆ ತುಂಬ ಸಿರಿ'. ಆ ಸಾಲು ನನ್ನ ಸ್ವಂತದ್ದು. ನಮ್ಮ ಕಡೆ ವಾಸ್ತು ನೋಡುವವರಿಗೆ ಈಶಾನ್ಯ ಮೂಲೆಗೆ ನೀರಿದ್ದರೆ ಭಾಳ ಛಲೋ. ಬಾವಿಯೋ ತೊಟ್ಟಿಯೋ ಇರಲಿ ಎಂದು ಹಿರಿಯರು ಹೇಳಿದ್ದರು. ಧಣಿ ಇಡೀ ಹಳ್ಳವನ್ನೇ ಈಶಾನ್ಯಕ್ಕೆ ಕೂರಿಸಿಬಿಟ್ಟ. ಹಳ್ಳಕ್ಕೆ ಹತ್ತಿದ ಸಾಲಿನ ಜಾಗಕ್ಕೆ ಹಿಂದಿನ ಸಾಲಿಗಿಂತ ಜಾಸ್ತಿ ದರ. ಬೇರೆ ಊರುಗಳಲ್ಲಿ ನೀರು ಬರುವ ಜಾಗ ಅಗ್ಗವಂತೆ. ನಾವು ಮುಳುಗುವುದಕ್ಕೂ ಮೇಲುಹಣ ಕೊಟ್ಟೆವು. ಮೊದಲ ಸಾಲಿನಲ್ಲಿ, ಮೂಲೆಯ ಜಾಗ ಹಿಡಿದವನು ನಮ್ಮಪ್ಪ.

ಮಾರಾಟದ ದಿನ ಕಾಕಾ ಹಳೆಯ ಗ್ರಾಮ ನಕಾಶೆಯ ನಕಲು ಹಿಡಿದು ಬಂದರು. ಹಳ್ಳದ ಗೆರೆ ಲೇಔಟಿನ ಮೊದಲ ಎರಡು ಸಾಲುಗಳ ಮೇಲೇ ಮಲಗಿತ್ತು.

"ಕಾಕಾ, ಅದು ನಿಜಾಮನ ಕಾಲದ ನಕಾಶಿರಿ" ಎಂದ ಧಣಿ, ಜನರ ಕಡೆ ನೋಡಿ ಕಣ್ಣು ಹೊಡೆದು.

"ಹಳ್ಳನೂ ನಿಜಾಮನ ಕಾಲದ್ದ ಐತ್ರಿ ಧಣ್ಯಾರ. ನಿಮ್ಮ ಹೊಸಾ ನಕಾಶಿ ಅದಕ್ಕ ಯಾರೂ ತೋರಿಸಿಲ್ಲ."

"ಮೂರು ವರ್ಷದಿಂದ ಹನಿ ನೀರಿಲ್ಲ ಅದರಾಗ!"

"ಮೂರು ವರ್ಷದಿಂದ ನಮ್ಮ ಬೀಗರೂ ಬಂದಿಲ್ರಿ. ಹಂಗಂತ ಅವರ ಹಾಸಿಗಿ ಮಾರಾಕ ಬರ್ತೈತೇನು?"

ಜನ ನಕ್ಕರು, ಆದರೆ ಜಾಗ ಕೊಂಡರು. ಕಾಕಾ ಲೇಔಟಿನ ವಿದ್ಯುತ್ ಕಂಬಕ್ಕೆ ತಮ್ಮ ಎದೆಯ ಎತ್ತರಕ್ಕೆ ಕೆಂಪು ಬಣ್ಣದಲ್ಲಿ ಒಂದು ಗೆರೆ ಎಳೆದು ಹೋದರು. ಮರುದಿನ ಧಣಿಯ ಆಳು ಅದರ ಮೇಲೆ ಸುಣ್ಣ ಬಳಿದ. ನಾನು ಅದರ ಮೇಲೆ ಹಂಸದ ಫ್ಲೆಕ್ಸ್ ಕಟ್ಟಿದೆ.

ಮನೆ ಕಟ್ಟುವಾಗ ಕಾಕಾ ವಾರಕ್ಕೊಮ್ಮೆ ಹಳೆಯ ಮೊಪೆಡ್ಡಿನ ಮೇಲೆ ಬರುತ್ತಿದ್ದರು. ಅಪ್ಪ ರಸ್ತೆಗಿಂತ ಎರಡು ಮೆಟ್ಟಿಲು ಎತ್ತರಕ್ಕೆ ತಳಪಾಯ ಹಾಕಿಸಿ ಮೀಸೆ ತಿರುವಿದ್ದ.

"ರಸ್ತಾಕ್ಕಿಂತ ಎತ್ತರ ಐತಿ, ಖರೇ" ಎಂದರು ಕಾಕಾ. "ಆದ್ರ ರಸ್ತಾ ಎಲ್ಲೈತಿ ಅಂತ ಕೇಳ್ರಿ. ರಸ್ತಾನ ಹಳ್ಳದಾಗ ಐತಿ. ಹಳ್ಳದ ಆ ದಂಡಿ ನೋಡಿ ತಳಪಾಯ ಹಾಕ್ರಿ ಸಾಹುಕಾರ್ರ, ಇನ್ನ ನಾಕು ಮೆಟ್ಟಲ."

"ನಾಕು ಮೆಟ್ಟಲ ಏರಿಸಿದ್ರ ಮನಿ ಗುಡಿ ಕಂಡಂಗ ಕಾಣತೈತ್ರಿ. ಮಂದಿ ಬಾಗಲದಾಗ ಚಪ್ಪಲಿ ಬಿಟ್ಟು ಕೈ ಮುಗೀತಾರ."

"ಮುಗೀಲಿ. ಈಜಿಕೊಂಡು ಬರೂದಕ್ಕಿಂತ ಛಲೋ."

ಗೃಹಪ್ರವೇಶದ ದಿನ ಬಂತು. ಹೊಸ ಒಲೆಯ ಮೇಲೆ ಹಾಲು ಉಕ್ಕಿಸುವಾಗ ಹೆಂಗಸರೆಲ್ಲ ಪಾತ್ರೆಯ ಬಾಯಿ ನೋಡುತ್ತಾರೆ, ಯಾವ ದಿಕ್ಕಿಗೆ ಉಕ್ಕಿತು ಎಂದು. ಪೂರ್ವಕ್ಕೇ ಉಕ್ಕಿತು. ಎಲ್ಲರಿಗೂ ಖುಷಿ. ಕಾಕಾ ಒಬ್ಬರೇ ಕೆಳಗೆ ನೋಡುತ್ತಿದ್ದರು. ಕಟ್ಟೆಯಿಂದ ಇಳಿದ ಹಾಲು ಹೊಸ ಕಲ್ಲಿನ ಮೇಲೆ ಬೆಳ್ಳಗೆ ದಾರದಂತೆ ಹರಿದು, ಅಡುಗೆಮನೆಯ ಹೊಸ್ತಿಲು ದಾಟಿ, ಪಡಸಾಲೆಯ ನಡುವೆ ಹಾಯ್ದು, ಈಶಾನ್ಯದ ಬಾಗಿಲ ಹತ್ತಿರ ಹೋಗಿ ನಿಂತಿತು. ವಾಸ್ತುವಿನ ಪ್ರಕಾರ ನೆಲ ಅತ್ತ ಇಳಿಜಾರು. ಕಾಕಾ ಅದರ ಹಿಂದೆಯೇ ಬಗ್ಗಿಕೊಂಡು ಹೋದರು, ಕಳ್ಳನ ಹೆಜ್ಜೆ ಹಿಡಿದ ಪೊಲೀಸನಂತೆ.

"ಸಾಹುಕಾರ್ರ, ಹಾಲು ಹೊರಗ ಹೋಗು ದಾರಿ ತೋರಿಸೇತಿ. ನೀರು ಇದ ದಾರಿಲೆ ಒಳಗ ಬರತೈತಿ."

ಶುಭದಿನ ಇಂಥ ಮಾತು! ಅವ್ವ ಅರಿಷಿಣದ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಆದರೆ ಅಪ್ಪನ ಮುಖದಲ್ಲಿ ಏನೋ ಅಳುಕು ಮೂಡಿದ್ದನ್ನು ನಾನು ಕಂಡೆ. ಗೊಬ್ಬರ ಮಾರುವವನಿಗೆ ಇಳಿಜಾರು ಅರ್ಥವಾಗುತ್ತದೆ. ಉಂಡ ಮೇಲೆ ಕಾಕಾನನ್ನು ಪಕ್ಕಕ್ಕೆ ಕೂರಿಸಿಕೊಂಡು, "ತೆಗೀರಿ ನಿಮ್ಮ ಫಾರಂ" ಎಂದ. ಪೆನ್ನಿನ ಟೋಪಿ ತೆಗೆದ. ಕಾಕಾ ಬೆರಳಿಟ್ಟು ಒಂದೊಂದೇ ಸಾಲು ಓದಿ ಹೇಳತೊಡಗಿದರು. ಇದು ಜಾಗಕ್ಕಲ್ಲ, ಗೋಡೆ ಮತ್ತೆ ಕಟ್ಟುವ ಖರ್ಚಿಗೆ. ಸಾಮಾನಿಗೆ ಬೇರೆ. ವರ್ಷ ವರ್ಷ ಕಟ್ಟಬೇಕು. ಮೋಡ ನೋಡಿ ಓಡಿ ಬಂದವರಿಗೆ ಯಾರೂ ಬಾಗಿಲು ತೆಗೆಯುವುದಿಲ್ಲ.

ಅಷ್ಟರಲ್ಲಿ ಪಡಸಾಲೆಯ ಆ ಕಡೆ ನನ್ನ ಗೆಳೆಯರು, "ಏ, ಕಾಕಾನ್ನ ಮಾಡಲೇ" ಎಂದರು. ಹೋಳಿಗೆ ಉಂಡ ಹೊಟ್ಟೆ, ಹೊಸ ಮನೆ, ನೋಡುವ ಮಂದಿ. ನಾನು ಮೊಣಕಾಲು ಮಡಚಿದೆ. ಅಂಗೈ ಎದೆಗೆ. ಮೂಗಿನ ದನಿ.

"ಅಯ್ಯಯ್ಯೋ, ಹಾಲು ಬಂತ್ರಿ ಹಾಲು! ಮೊಣಕಾಲಮಟ ಹಾಲು! ಸಕ್ರಿ ತರ್ರಿ ಲಗೂನ! ಪಾಲಿಸಿ ಮಾಡಸ್ರಿ, ಬಾಸುಂದಿ ಬರತೈತಿ!"

ಇಡೀ ಮನೆ ನಕ್ಕಿತು. ಧಣಿ ಕೂಡ ಬಂದಿದ್ದ. ಅವನು ನಕ್ಕ ನಗೆಗೆ ಬಾಯಿಂದ ಎಲೆಯಡಿಕೆ ಹೊರಬಂತು. ಅಪ್ಪ ನನ್ನನ್ನು ನೋಡಿದ, ನಗುವವರನ್ನು ನೋಡಿದ, ಕೊನೆಗೆ ತಾನೂ ನಕ್ಕ. ಪೆನ್ನಿನ ಟೋಪಿ ಹಾಕಿದ.

"ಇರ್ಲಿ ಬಿಡ್ರಿ ಕಾಕಾ. ಹೆಂಗೂ ಸಾಲ ಕೊಡೂವಾಗ ಬ್ಯಾಂಕಿನವರ ಒಂದು ವಿಮಾ ಮಾಡ್ಯಾರ."

"ಆ ಕಾಗದ ಒಮ್ಮಿ ತೋರಸ್ರಿ. ಯಾವುದರ ವಿಮಾ ಅಂತ ನೋಡೂಣು."

"ತಿಜೋರ್ಯಾಗ ಐತ್ರಿ. ಶುಭದಿನ ತಿಜೋರಿ ತೆರದು ಕಾಗದ ಹೊರಗ ತೆಗೀಬಾರದು."

ಕಾಕಾ ಫಾರಂ ಮಡಚಿ ಚೀಲಕ್ಕೆ ಹಾಕಿದರು. ಹೋಗುವಾಗ ನನ್ನ ಹತ್ತಿರ ನಿಂತು, ಗೋಡೆಯ ಬುಡ ನೋಡುತ್ತಲೇ, "ದನಿ ಬರೋಬ್ಬರಿ ಐತಿ ತಮ್ಮಾ" ಎಂದರು. ಅದು ಮೆಚ್ಚುಗೆಯೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ.

ನೀರು ಬಂದದ್ದು ಆ ಮಳೆಗಾಲದಲ್ಲೇ, ಬಿಸಿಲಿನಲ್ಲಿ. ಇದನ್ನು ಹೇಳಿದರೆ ಬೇರೆ ಊರಿನವರು ನಂಬುವುದಿಲ್ಲ. ನಮ್ಮಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಅವ್ವ ಹುಗ್ಗಿಗೆಂದು ಗೋಧಿ ತೊಳೆದು ಮಾಳಿಗೆಯ ಮೇಲೆ ಒಣಹಾಕಿದ್ದಳು. ಗಣಪತಿ ಹಬ್ಬ ಹತ್ತಿರ ಬಂದಿತ್ತು, ನಾನು ಅಂಗಡಿಗೆ ಹೊರಟಿದ್ದೆ. ಕಾಕಾನ ಫೋನು ಬಂತು.

"ತಮ್ಮಾ, ಯಲಬುರ್ಗಿ ಕಡೆ ಮಳಿ ಭಾಳ ಹೊಡದೈತಿ. ಹಳ್ಳದ ಮ್ಯಾಲಿನ ತಳಕಲ್ಲಿನವರು ಈಗ ಫೋನ್ ಮಾಡಿದ್ರು. ಹಳ್ಳ ಊರಿಂದ ಹೊರಟೈತಿ."

ನಾನು ಅವರದೇ ದನಿಯಲ್ಲಿ ಉತ್ತರಿಸಿದೆ. "ಎಷ್ಟ ಮಟ್ರಿ? ಮೊಣಕಾಲಮಟಾನೋ, ಟೊಂಕಮಟಾನೋ?"

ಕಾಕಾ, "ಮೇನ್ ಸ್ವಿಚ್ ಬಂದ್ ಮಾಡು. ಸಿಲಿಂಡರ್ ಮ್ಯಾಲೆ ಒಯ್ಯಿ. ಕಾಗದಪತ್ರ ಒಯ್ಯಿ" ಎಂದಷ್ಟೇ ಹೇಳಿ ಇಟ್ಟರು. ನಾನು ಮಾಡಿದ್ದು ಇಷ್ಟು: ಆ ದನಿಯನ್ನು ಅವ್ವನಿಗೆ ಮಾಡಿ ತೋರಿಸಿದೆ.

ಕಾಕಾನ ಮೊಪೆಡ್ ನಮ್ಮ ಮನೆ ಮುಟ್ಟುವುದಕ್ಕೂ ಹಳ್ಳದಲ್ಲಿ ಕಂದು ನೀರು ಹೊರಳುವುದಕ್ಕೂ ಸರಿಹೋಯಿತು. ಮೊದಲು ಅದು ಹಳ್ಳದಲ್ಲಿತ್ತು. ಆಮೇಲೆ ರಸ್ತೆ ಹಳ್ಳವಾಯಿತು. ಆಮೇಲೆ ನಮ್ಮ ಎರಡು ಮೆಟ್ಟಿಲು. ಆಮೇಲೆ ಈಶಾನ್ಯದ ಬಾಗಿಲ ಕೆಳಗಿನ ಸಂದಿಯಿಂದ ಒಂದು ನಾಲಗೆ ಒಳಗೆ ಬಂತು, ಪಡಸಾಲೆಯ ನಡುವೆ, ಹಾಲು ಹೋದ ದಾರಿಯಲ್ಲೇ, ಅಡುಗೆಮನೆಯ ಕಡೆಗೆ. ನಾನು ಅದನ್ನು ನೋಡುತ್ತ ನಿಂತುಬಿಟ್ಟೆ. ನನ್ನ ಬಾಯಲ್ಲಿ ಆಗ ಯಾರ ದನಿಯೂ ಇರಲಿಲ್ಲ.

ಸ್ವಿಚ್ ಬಂದ್ ಮಾಡಿದ್ದು ಕಾಕಾ. ಸಿಲಿಂಡರ್ ಹೊತ್ತದ್ದು ಕಾಕಾ ಮತ್ತು ಅಪ್ಪ. ನಾನು ಹೊತ್ತದ್ದು ಟಿವಿ, ಅದೂ ಅರ್ಧ ಮೆಟ್ಟಿಲವರೆಗೆ. ಎಲ್ಲರೂ ಮಾಳಿಗೆ ಏರಿ ಗೋಧಿಯ ನಡುವೆ ಬಿಸಿಲಿನಲ್ಲಿ ಕೂತೆವು. ಕೆಳಗೆ ಹೊಸ ಫ್ರಿಜ್ಜು ಗೋಡೆಗೆ ಬಡಿದುಕೊಳ್ಳುವ ಸದ್ದು. ಕೊಚ್ಚಿ ಬಂದದ್ದರಲ್ಲಿ ನನ್ನ ಹಂಸದ ಫ್ಲೆಕ್ಸೂ ಇತ್ತು. ಹಂಸಗಳು ಕೊನೆಗೂ ನೀರಿಗೆ ಇಳಿದವು.

ನೀರು ಏರುವುದು ನಿಂತಿತು ಎನಿಸಿದಾಗ ಕಾಕಾ ಎದ್ದು ಒಳಗಿನ ಮೆಟ್ಟಿಲು ಇಳಿದರು. ಕಂಬಿ ಹಿಡಿದು ಪಡಸಾಲೆಯ ನೀರಿನಲ್ಲಿ ನಿಂತು, ಗೋಡೆಗೆ ಬೆನ್ನು ಹಚ್ಚಿದರು. ಎದೆಗೆ ಅಂಗೈ ಇಟ್ಟರು. ನೀರು ಸರಿಯಾಗಿ ಅಲ್ಲಿತ್ತು. ಜೇಬಿನಿಂದ ಮೊಪೆಡ್ಡಿನ ಕೀಲಿ ತೆಗೆದು ಗೋಡೆಯ ಮೇಲೆ ಕರಕರ ಗೀರತೊಡಗಿದರು.

"ಏ ಕಾಕಾ, ಹೊಸಾ ಬಣ್ಣಾರಿ!" ಎಂದು ಅಪ್ಪ ಮೇಲಿಂದ ಕೂಗಿದ.

ಮನೆ ಎದೆಮಟ್ಟ ಮುಳುಗಿದಾಗಲೂ ಬಣ್ಣದ ಚಿಂತೆ ಬಿಡದ ವಂಶ ನಮ್ಮದು.

"ನೀರು ಇಳದ ಮ್ಯಾಲೆ ಮಂದಿ ಸುಳ್ಳ ಹೇಳ್ತಾರ್ರಿ" ಎಂದರು ಕಾಕಾ, ಗೀರುತ್ತಲೇ. "ಕೆಲವರು ಜಾಸ್ತಿ ಹೇಳ್ತಾರ, ಕೆಲವರು ಕಡಿಮಿ. ಗೋಡಿ ಹೇಳೂದಿಲ್ಲ. ನಾಳೆ ಕೆಸರು ತೊಳೆಯೂಕಿಂತ ಮೊದಲ ಎಲ್ಲಾದರ ಫೋಟೋ ಹಿಡೀರಿ. ತೊಯ್ದ ಸಾಮಾನು ಒಗೀಬ್ಯಾಡ್ರಿ. ಬ್ಯಾಂಕಿನ ಕಾಗದ ಏನಂತೈತೋ, ನೋಡೂಣು."

ಬ್ಯಾಂಕಿನ ಕಾಗದ ತಿಜೋರಿಯೊಳಗೇ ನೆನೆದಿತ್ತು. ಇಸ್ತ್ರಿ ಹೊಡೆದು ಒಣಗಿಸಿಕೊಂಡು ಹೋದೆವು. ಮೇಜಿನ ಆ ಕಡೆಯ ಹೆಣ್ಣುಮಗಳು ಓದಿ, ಮತ್ತೊಮ್ಮೆ ಓದಿ, ಮೆಲ್ಲಗೆ ಹೇಳಿದಳು.

"ಇದು ಮನಿ ಮ್ಯಾಲಿಂದಲ್ರಿ. ಸಾಲ ತಗೊಂಡವರ ಜೀವದ ಮ್ಯಾಲಿಂದು. ನಿಮಗೇನರ ಆದ್ರ ಸಾಲ ತೀರತೈತಿ."

"ಮನಿ ಮುಳುಗೇತಲ್ಲವ್ವಾ!"

"ಮನಿ ಮುಳುಗಿದ್ರ ಇದರಾಗ ಬರೂದಿಲ್ರಿ. ನೀವು..." ಎಂದವಳು ಮರ್ಯಾದೆಗೆ ಅಲ್ಲಿಗೇ ನಿಲ್ಲಿಸಿದಳು.

ಉಳಿದದ್ದನ್ನು ನಾವೇ ತುಂಬಿಕೊಂಡೆವು: ನೀವು ಮುಳುಗಬೇಕಿತ್ತು. ಅಪ್ಪ ತಾನು ಬದುಕಿ ಉಳಿದದ್ದೇ ತಪ್ಪಾಯಿತು ಎನ್ನುವಂತೆ ಕುರ್ಚಿಯಿಂದ ಎದ್ದ. ಸಹಿ ಹಾಕುವ ದಿನ ಆ ಕಾಗದದ ಮೇಲೆ ಏನಿದೆಯೆಂದು ಅವನೂ ಓದಿರಲಿಲ್ಲ, ನಾನೂ ಓದಿರಲಿಲ್ಲ. ಪ್ರತಿ ಫ್ಲೆಕ್ಸಿನಲ್ಲೂ ಅಕ್ಷರತಪ್ಪು ಹುಡುಕುವ ನಾನು!

ಹಾಸಿಗೆ, ಕಪಾಟು, ಫ್ರಿಜ್ಜು, ಕಣಜದಂತೆ ತುಂಬಿಟ್ಟಿದ್ದ ವರ್ಷದ ಜೋಳ, ಎಲ್ಲ ಹೋದವು. ಅವ್ವ ಅತ್ತದ್ದು ಜೋಳಕ್ಕೆ. ತೊಯ್ದ ಜೋಳ ಮೂರೇ ದಿನಕ್ಕೆ ಚೀಲದೊಳಗೆ ಮೊಳಕೆ ಒಡೆದು, ಮನೆಯೆಲ್ಲ ಹುಳಿ ವಾಸನೆ. ನಾನು ಆ ವಾರ ಯಾರನ್ನೂ ಅಣಕಿಸಲಿಲ್ಲ. ನನಗೆ ಜ್ವರ ಬಂದಿದೆಯೆಂದು ಓಣಿಯವರು ತಿಳಿದರು.

ಅದೇ ವಾರ ಇನ್ನೊಂದು ಸಂಗತಿ ಹೊರಬಿತ್ತು. ಲೇಔಟಿನ ಬಾಯಲ್ಲಿ ಧಣಿಯ ಸ್ವಂತ ಮನೆ ಮತ್ತು ಆಫೀಸು ಇದ್ದವು. ಅವೂ ಮುಳುಗಿದ್ದವು. ಒಂದು ಬೆಳಿಗ್ಗೆ ಕೈಚೀಲ ಹಿಡಿದ ವಿಮಾ ಕಂಪನಿಯ ಸರ್ವೇಯರ್ ಒಬ್ಬರು ಅಲ್ಲಿ ಫೋಟೋ ಹಿಡಿಯುತ್ತಿದ್ದರು. ಪಕ್ಕದಲ್ಲಿ ಗೋಡೆಗೆ ಬೆನ್ನು ಹಚ್ಚಿ, ಎದೆಗೆ ಅಂಗೈ ಇಟ್ಟು ನಿಂತವರು ನಮ್ಮ ಕಾಕಾ! ಕಂಬದ ಗೆರೆಗೆ ಸುಣ್ಣ ಬಳಿಸಿದ ಧಣಿ ಕಾಕಾನ ಹತ್ತಿರವೇ ಗುಟ್ಟಾಗಿ ಮನೆ ಕಟ್ಟಿದಂದಿನಿಂದ ವಿಮೆ ಕಟ್ಟುತ್ತ ಬಂದಿದ್ದ. ಇಡೀ ಲೇಔಟಿನಲ್ಲಿ ಅವನೊಬ್ಬನೇ.

ನಾನು ಕಾಕಾನ ಮೊಪೆಡ್ಡಿಗೆ ಅಡ್ಡ ನಿಂತೆ.

"ಧಣಿನೇ ಪಾಲಿಸಿ ಮಾಡಿಸ್ಯಾನ ಅಂತ ಒಂದು ಮಾತು ಅಂದಿದ್ರ, ನಮ್ಮಪ್ಪ ಅವತ್ತ ಸಹಿ ಹಾಕ್ತಿದ್ನಲ್ರಿ."

"ಒಬ್ಬರ ಮನಿ ಕಾಗದ ಇನ್ನೊಬ್ಬರ ಮನ್ಯಾಗ ಓದಬಾರದು ತಮ್ಮಾ."

"ಓದಬ್ಯಾಡ್ರಿ. ಕಣ್ಣರ ಹೊಡೀಬೇಕಿತ್ತು."

ಕಾಕಾ ಮೊಪೆಡ್ಡಿನ ಗಾಲಿ ನೋಡಿದರು. ಆಮೇಲೆ ತಲೆ ಎತ್ತಿ ನನ್ನ ಮುಖ ನೋಡಿದರು. ಅಷ್ಟು ವರ್ಷದಲ್ಲಿ ಅದೇ ಮೊದಲು.

"ಧಣಿ ನನಗ ದೊಡ್ಡ ಗಿರಾಕಿ" ಎಂದರು.

ಆದ್ದರಿಂದ ಅವರನ್ನು ಸಂತರನ್ನಾಗಿ ಮಾಡುವುದು ನನ್ನಿಂದಾಗದು. ಊರಿಗೆಲ್ಲ ಕೂಗಿ ಹೇಳಿದ ಮನುಷ್ಯ ಹೇಳಬೇಕಾದ ಒಂದೇ ಮಾತನ್ನು ನುಂಗಿಕೊಂಡಿದ್ದರು. ಅವರು ನುಂಗಿದ್ದು ಹೆಚ್ಚೋ, ನಾನು ನಗಿಸಿ ಮುಚ್ಚಿಸಿದ್ದು ಹೆಚ್ಚೋ, ತೂಗಿ ನೋಡುವ ಧೈರ್ಯ ನನಗಿಲ್ಲ. ಅಂಗಡಿಯ ಯಂತ್ರದಲ್ಲಿ ಇಬ್ಬರ ಫೋಟೋವನ್ನೂ ಒಂದೇ ಫ್ಲೆಕ್ಸಿನಲ್ಲಿ ಹಾಕಬಹುದು. ಅಕ್ಕಪಕ್ಕ, ಒಂದೇ ಎತ್ತರಕ್ಕೆ.

ಆಮೇಲೆ ಅಪ್ಪ ಅವರ ಹತ್ತಿರವೇ ಪಾಲಿಸಿ ಮಾಡಿಸಿದ. ಕಟ್ಟಡಕ್ಕೂ, ಸಾಮಾನಿಗೂ. ಮರುವರ್ಷ ನೀರು ಬರಲಿಲ್ಲ. ಅಪ್ಪನಿಗೆ ಹೊಟ್ಟೆ ಉರಿಯಿತು.

"ಹೋದ ವರ್ಷದ ರೊಕ್ಕ ದಂಡ ಆತಲ್ರಿ ಕಾಕಾ!"

"ಹೊಲಕ್ಕ ಬೇಲಿ ಹಾಕ್ತೀರಿ. ದನ ಬರಲಿಲ್ಲ ಅಂತ ಮುಳ್ಳು ಮಾರಿದವನ ಮನಿಗೆ ಹೋಗಿ ಜಗಳಾಡ್ತೀರೇನು?"

ಪ್ರತಿ ವರ್ಷ ಕಟ್ಟುವ ತಾರೀಕಿಗೆ ವಾರ ಮೊದಲೇ ಅವರು ಹಾಜರು. ಬಾಗಿಲಲ್ಲಿ ನಿಂತು, ಗೋಡೆಯ ಬುಡ ನೋಡಿ, "ಸಾಹುಕಾರ್ರ, ತಾರೀಕು ಬಂತ್ರಿ" ಎನ್ನುವರು. ಅಪ್ಪ ಬೈಯುತ್ತಲೇ ಚೆಕ್ ಬರೆಯುವನು. ಅವ್ವ ಬೈಯುತ್ತಲೇ ಚಹಾ ಕೊಡುವಳು. ಗೋಡೆಗೆ ಹೊಸ ಬಣ್ಣ ಬಳಿಸಿದಾಗ ಬಣ್ಣದವನು ಆ ಗೀರು ಮುಚ್ಚಲು ಹೋದ. ಅಪ್ಪನೇ, "ಅದೊಂದು ಬಿಡಪಾ" ಎಂದ.

ಈ ವರ್ಷ ಬೇಸಿಗೆಯಲ್ಲಿ ಕಾಕಾ ತೀರಿಕೊಂಡರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಹಳ್ಳ ಪೂರಾ ಒಣಗಿತ್ತು. ಅಂದು ಅವರ ವಹಿಯಿದ್ದಿದ್ದರೆ ಯಾರೋ ಹೋಗಿ ನೋಡಿ ಸೊನ್ನೆ ಬರೆಯಬೇಕಿತ್ತು.

ಮಳೆಗಾಲದ ಬಾಯಿಗೆ ನಮ್ಮ ತಾರೀಕು ಬಂತು. ಬಾಗಿಲಲ್ಲಿ ಯಾರೂ ಬಂದು ನಿಲ್ಲಲಿಲ್ಲ. ಕಂಪನಿಯಿಂದ ಫೋನಿಗೆ ಒಂದು ಸಂದೇಶ ಬಂತು, ಅಷ್ಟೇ. ಅಪ್ಪ ಪಡಸಾಲೆಯಲ್ಲಿ ಚೆಕ್ ಪುಸ್ತಕ ಮುಂದಿಟ್ಟುಕೊಂಡು ಕೂತಿದ್ದ. ಪೆನ್ನಿನ ಟೋಪಿ ಇನ್ನೂ ತೆಗೆದಿರಲಿಲ್ಲ.

"ಮತ್ತ ನೀರು ಬಂದಿಲ್ಲ. ಈ ವರ್ಷ ಒಂದು ಬಿಟ್ರ..." ಎಂದ, ಯಾರಿಗೆಂದಿಲ್ಲದೆ.

ಅವ್ವ ಅಡುಗೆಮನೆಯಿಂದ ತಲೆ ಹೊರಹಾಕಿ ನನ್ನನ್ನು ನೋಡಿದಳು. "ಏ, ಕಾಕಾನ್ನ ಮಾಡೋ ಒಮ್ಮಿ."

ನಾನು ಗೋಡೆಗೆ ಬೆನ್ನು ಹಚ್ಚಿ ನಿಂತೆ. ಆ ಗೀರು ನನ್ನ ಹೊಕ್ಕಳಿಗೆ ಬಂತು, ಊರಿನ ಗಣಿತದಂತೆಯೇ. ಮೊಣಕಾಲು ಮಡಚಿ ಕುಗ್ಗಿದೆ. ಅಂಗೈ ಎದೆಗೆ. ಕಣ್ಣು ಗೋಡೆಯ ಬುಡಕ್ಕೆ.

"ಸಾಹುಕಾರ್ರ, ತಾರೀಕು ಬಂತ್ರಿ."

ಯಾರೂ ನಗಲಿಲ್ಲ. ಅಪ್ಪ ಕನ್ನಡಕದ ಮೇಲಿಂದ ನನ್ನನ್ನು, ನನ್ನ ಹಿಂದಿನ ಗೋಡೆಯನ್ನು ನೋಡಿದ. ಪೆನ್ನಿನ ಟೋಪಿ ತೆಗೆದ.

"ದನಿ ಬರೋಬ್ಬರಿ ಐತಿ" ಎಂದ. "ಇನ್ನೊಂದೀಟು ಕೆಳಗ ಬಾ. ಗೀರು ಎದಿಗೆ ಹತ್ತಬೇಕು."